ರೋಮ್‌ನಲ್ಲಿ ಕಳೆದುಹೋದ ಅತ್ತೆ

ರೋಮ್‌ನಲ್ಲಿ ನಮ್ಮ ಅತ್ತೆ ಕಳೆದುಹೋದರು.

ನಗಬೇಡಿ. ಬೆಳಿಗ್ಗೆ ಎದ್ದು ನೋಡುತ್ತೇನೆ, ಅವರ ಮಂಚ ಖಾಲಿ. ಹೊದಿಕೆ ನೀಟಾಗಿ ಮಡಿಸಿಕೊಂಡು ದಿಂಬಿನ ಮೇಲೆ ಕೂತಿದೆ. ಚಪ್ಪಲಿ ಇದೆ, ಕನ್ನಡಕದ ಡಬ್ಬಿ ಇದೆ, ಅತ್ತೆ ಇಲ್ಲ. ಇಂಗ್ಲಿಷೇ ಬಾರದ ಹುಬ್ಬಳ್ಳಿಯ ಹೆಂಗಸು, ಗೊತ್ತಿಲ್ಲದ ಊರಿನಲ್ಲಿ ಬರಿಗಾಲಲ್ಲಿ ಎಲ್ಲಿಗೆ ಹೋದಾರು? ನಮ್ಮವರು ಉಟ್ಟ ಲುಂಗಿಯಲ್ಲೇ ಮೆಟ್ಟಿಲಿಳಿದು ಬೀದಿಗೆ ಓಡಿದರು. (ರೋಮ್ ಏನೇನೋ ಕಂಡ ಊರು. ಲುಂಗಿ ಕಂಡದ್ದು ಬಹುಶಃ ಅಂದೇ ಮೊದಲು.)

ಅತ್ತೆ ಎಲ್ಲಿ ಸಿಕ್ಕರು ಅನ್ನುವುದಕ್ಕೆ ಮುಂಚೆ ನಾವು ರೋಮಿಗೆ ಯಾಕೆ ಹೋದೆವು ಅನ್ನುವುದನ್ನು ಹೇಳಿಬಿಡುತ್ತೇನೆ. ಅದೇನೂ ಖುಷಿಯ ಸಮಾಚಾರವಲ್ಲ.

ಅತ್ತೆ ಅಮೆರಿಕದ ಸ್ಯಾನ್ ರಮೋನ್‌ನ ನಮ್ಮ ಮನೆಗೆ ಆರು ತಿಂಗಳು ಇರಲು ಅಂತ ಬಂದವರು. ಅರ್ಧದಲ್ಲೇ ಒಂದು ದಿನ ಊಟದ ಹೊತ್ತಿಗೆ, "ನಾ ಊರಿಗೆ ಹೋಗ್ತೀನಪಾ" ಅಂದುಬಿಟ್ಟರು. ಯಾಕೆ ಅಂದರೆ ಕಾರಣ ಹೇಳಲಿಲ್ಲ. "ನೀವೆಲ್ಲಾ ಭಾಳ ಛಂದ ನೋಡ್ಕೊಂಡೀರಿ" ಅಂದರು. ಚೆಂದ ನೋಡಿಕೊಂಡರೆ ಯಾರಾದರೂ ಬಿಟ್ಟು ಹೋಗುತ್ತಾರಾ?

ನನಗೆ ಒಳಗೊಳಗೇ ಉರಿಯಿತು. ಏನು ಕಡಿಮೆ ಮಾಡಿದ್ದೆ ನಾನು? ಅವರಿಗೆ ಅಂತ ಬೇರೆ ರೂಮು. ರೂಮಿಗೆ ಟೀವಿ, ವಿಸಿಆರು. ಸಾರಟೋಗಾದ ಗೆಳತಿಯ ಹತ್ತಿರ ಕನ್ನಡ ಸಿನಿಮಾದ ಕ್ಯಾಸೆಟ್ಟುಗಳನ್ನು ಬೇಡಿ ತಂದಿದ್ದೆ. ಆಫೀಸಿಗೆ ಹೊರಡುವ ಮೊದಲು ಅಡುಗೆ ಮುಗಿಸಿ, ತಟ್ಟೆಗೆ ಬಡಿಸಿ ಮುಚ್ಚಿಟ್ಟು, ಮೈಕ್ರೋವೇವಿನ ಯಾವ ಬಟನ್ ಒತ್ತಬೇಕೋ ಅದಕ್ಕೆ ಕುಂಕುಮದ ಬೊಟ್ಟು ಇಟ್ಟಿದ್ದೆ. ದಿನಾ ಬಾಗಿಲಲ್ಲಿ ನಿಂತು ಒಂದೇ ಮಾತು: "ಅತ್ತೆ, ನೀವು ಏನೂ ಮಾಡಬೇಡಿ. ಇಷ್ಟು ವರ್ಷ ದುಡಿದಿದ್ದೀರಿ. ರೆಸ್ಟ್ ತಗೊಳ್ಳಿ."

ಹಾಂ, ಒಂದು ಪ್ರಸಂಗ ನಡೆದಿತ್ತು. ಬಂದ ಹೊಸದರಲ್ಲಿ, ನಾನು ಆಫೀಸಿನಲ್ಲಿದ್ದಾಗ, ಅತ್ತೆ ಮೆಣಸಿನಕಾಯಿ ಒಗ್ಗರಣೆ ಹಾಕಿದರು. ಘಾಟಿಗೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಪಕ್ಕದ ಮನೆಯವರು ಗಾಬರಿಯಾಗಿ ಫೋನು ಮಾಡಿದರು. ಕೆಂಪು ಫೈರ್ ಎಂಜಿನ್ನೇ ಬಂತು! ಅತ್ತೆ ಸೌಟು ಹಿಡಿದುಕೊಂಡು ಲಾನಿನಲ್ಲಿ ನಿಂತಿದ್ದರಂತೆ. ಆ ಸಂಜೆ ನಾನು, ಪ್ರೀತಿಯಿಂದಲೇ, "ಇನ್ನು ಸ್ಟವ್ ಹತ್ತಿರ ಹೋಗಬೇಡಿ ಅತ್ತೆ, ನಾನಿದ್ದೀನಲ್ಲ" ಅಂದೆ. ಅವರು ಹ್ಞೂಂ ಅಂದರು. ಆಮೇಲೆ ಅಡುಗೆಮನೆಗೆ ಅವರು ಬಂದದ್ದು ನೀರು ಕುಡಿಯಲು ಮಾತ್ರ.

ವಾಪಸು ಹೋಗುವ ಟಿಕೆಟ್ಟು ಹೇಗೂ ರೋಮ್ ಮೇಲಿನಿಂದ. "ನಾವೂ ಅಲ್ಲಿತನಕ ಹೋಗೋಣ. ನಾಲ್ಕು ದಿನ ಅವ್ವನ ಜೊತೆ ಸುತ್ತಾಡಿ ಬೊಂಬಾಯಿ ವಿಮಾನ ಹತ್ತಿಸೋಣ" ಅಂದರು ನಮ್ಮವರು. ನನಗೂ ಬೇಕಾಗಿತ್ತು. ಯಾಕೆ ಹೊರಟಿರಿ ಅಂತ ಒಮ್ಮೆಯಾದರೂ ಕೇಳಬೇಕಿತ್ತು. 680 ಫ್ರೀವೇಯಲ್ಲಿ ಡ್ರೈವ್ ಮಾಡುತ್ತಾ ಕೇಳುವ ಪ್ರಶ್ನೆಯೇ ಅದು?

ಹೋಟೆಲು ಹೇಳಿದ್ದೂ ಅದೇ ಸಾರಟೋಗಾದ ಗೆಳತಿ. "ಸೂಪರ್ ಪ್ಲೇಸು, ಚೀಪು, ಕಣ್ಣು ಮುಚ್ಚಿ ಹೋಗು" ಅಂದಿದ್ದಳು. ಅವಳು ಹೋಗಿದ್ದು ಹನಿಮೂನಿಗೆ ಅನ್ನುವುದನ್ನು ನಾನು ಗಮನಕ್ಕೆ ತಂದುಕೊಳ್ಳಬೇಕಿತ್ತು. ಹನಿಮೂನಿನಲ್ಲಿ ಗೋಡೆ ಯಾರು ನೋಡುತ್ತಾರೆ?

ನಾವು ನೋಡಿದೆವು. ಕಂದು ಹೂವಿನ ವಾಲ್‌ಪೇಪರು, ಮೂಲೆಯಲ್ಲಿ ಸುಲಿದು ಜೋತು ಬಿದ್ದಿತ್ತು. ಇಲಿಬೋನಿನಂಥ ಲಿಫ್ಟು, ಅದರಲ್ಲಿ ಮನುಷ್ಯರಾದರೆ ಸೂಟ್‌ಕೇಸು ಇಲ್ಲ, ಸೂಟ್‌ಕೇಸಾದರೆ ಮನುಷ್ಯರಿಲ್ಲ. ನಡುವೆ ತಗ್ಗಾದ ಮಂಚಗಳು. ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ನಲ್ಲಿ. ಒಂಬತ್ತು ವರ್ಷದ ನಮ್ಮ ಮಗಳು ಅನು ಮೂಗು ಮುರಿದು, "ಮಾಮ್, ದಿಸ್ ಈಸ್ ಸೋ ಓಲ್ಡ್" ಅಂದಳು.

ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕ ಕುಳ್ಳಗಿನ ಇನ್ನೊಂದು ಪಿಂಗಾಣಿ ತೊಟ್ಟಿ. ಅದು ಶೌಚವಾದ ಮೇಲೆ ತೊಳೆದುಕೊಳ್ಳಲು ಅಂತ ನಮ್ಮಿಬ್ಬರಿಗೆ ಗೊತ್ತಿತ್ತು. ಅತ್ತೆಗೆ ಹೇಳುವವರು ಯಾರು? ಮಗನೋ, ಸೊಸೆಯೋ? ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದಂತೆಯೇ ಅತ್ತೆ ಒಳಗೆ ಹೋಗಿ ಅದರಲ್ಲಿ ಕಾಲು ತೊಳೆದುಕೊಂಡು ಬಂದರು. "ಕಾಲ್ ತೊಳಿಯಾಕ ಎಷ್ಟ್ ಛಲೋ ಮಾಡ್ಯಾರ! ನಿಮ್ಮ ಅಮೆರಿಕಾದಾಗ ಇಂಥಾದ್ದು ಇಲ್ಲ ನೋಡು."

ಆಮೇಲೆ ಮಂಚದ ಮೇಲೆ ಕೂತು ಕೇಳಿದರು. "ಇದು ಯಾರ ಮನಿ?"

"ಅವ್ವಾ, ಇದು ಮನಿ ಅಲ್ಲ, ಹೋಟೆಲ್" ಅಂದರು ನಮ್ಮವರು.

ಅತ್ತೆ ನಂಬಲಿಲ್ಲ. ನಂಬುವುದಾದರೂ ಹೇಗೆ? ಅವರು ಜೀವಮಾನದಲ್ಲಿ ಹೋಟೆಲಿನಲ್ಲಿ, ಲಾಡ್ಜಿನಲ್ಲಿ ಮಲಗಿದವರಲ್ಲ. ಬೆಂಗಳೂರಿಗೆ ಹೋದರೆ ತಮ್ಮನ ಮನೆ, ಪುಣೆಗೆ ಹೋದರೆ ಸೋದರತ್ತೆಯ ಮಗಳ ಮನೆ, ಸೊಲ್ಲಾಪುರಕ್ಕೆ ಹೋದರೆ ಯಾರೋ ಯಾರದೋ ಬೀಗರ ಮನೆ. ನಮ್ಮ ಜನಕ್ಕೆ ಊರೆಂದರೆ ಅಲ್ಲಿ ಯಾರಿದ್ದಾರೆ ಅನ್ನುವುದೇ ಅಲ್ಲವೇ? ಇಲ್ಲಿ ನೋಡಿದರೆ ಕಾರಿಡಾರಿನ ತುಂಬ ಮದುವೆ ಫೋಟೋ, ಮಕ್ಕಳ ಫೋಟೋ. ಮೂಲೆಯಲ್ಲಿ ಮೇರಿ ಮಾತೆ, ಅವಳ ಮುಂದೊಂದು ಪುಟ್ಟ ದೀಪ. ಒಳಗಿನಿಂದ ಬೆಳ್ಳುಳ್ಳಿ ಬೇಯುವ ವಾಸನೆ. ಕಪ್ಪು ಬಟ್ಟೆಯ ಮುದುಕಿಯೊಬ್ಬರು ಬಾಗಿಲು ತೆಗೆದು, ಅನುವಿನ ಕೆನ್ನೆ ಹಿಂಡಿದ್ದರು. ಅವರೇ ಓನರು. ಎಲ್ಲರೂ ಅವರನ್ನು ಸಿನ್ಯೋರಾ, ಅಂದರೆ ಅಮ್ಮಾವ್ರು, ಅನ್ನುತ್ತಿದ್ದರು. ಇದು ಮನೆಯಲ್ಲದೆ ಇನ್ನೇನು?

ಈಗ ಕಳೆದುಹೋದ ಬೆಳಿಗ್ಗೆಗೆ ಬರೋಣ. ಪೊಲೀಸರಿಗೆ ತೋರಿಸಲು ಅತ್ತೆಯ ಪಾಸ್‌ಪೋರ್ಟು ಹುಡುಕುತ್ತಿದ್ದೆ. ಅಷ್ಟರಲ್ಲಿ ಅನು ಓಡಿ ಬಂದಳು. "ಮಾಮ್, ಅಜ್ಜಿ ಈಸ್ ಇನ್ ದ ಕಿಚನ್. ಶಿ ಈಸ್ ಲಾಫಿಂಗ್!"

ಅಜ್ಜಿ ಸಿಕ್ಕಿದ್ದಕ್ಕಿಂತ ಅಜ್ಜಿ ನಗುತ್ತಿರುವುದೇ ಅವಳಿಗೆ ದೊಡ್ಡ ಸುದ್ದಿ. ನಮ್ಮ ಮನೆಯಲ್ಲಿ ಅವರು ಯಾವಾಗ ನಕ್ಕಿದ್ದರು ಅಂತ ಯೋಚಿಸಿದೆ. ನೆನಪಾಗಲಿಲ್ಲ.

ಅಡುಗೆಮನೆಯಲ್ಲಿ ಸಿನ್ಯೋರಾ ಕುರ್ಚಿಯ ಮೇಲೆ, ಅತ್ತೆ ನೆಲದ ಮೇಲೆ. ನಡುವೆ ಬುಟ್ಟಿ ತುಂಬ ಹಸಿರು ಕಾಯಿ, ನಮ್ಮ ಅವರೆಕಾಯಿಗೆ ದೊಡ್ಡಣ್ಣನಂತಿದ್ದವು. ಇಬ್ಬರೂ ಕಾಳು ಬಿಡಿಸುತ್ತಿದ್ದರು. ಸಿನ್ಯೋರಾ ಇಟಾಲಿಯನ್‌ನಲ್ಲಿ, ಅತ್ತೆ ಹುಬ್ಬಳ್ಳಿ ಕನ್ನಡದಲ್ಲಿ, ಒಬ್ಬರಾದ ಮೇಲೊಬ್ಬರು ಮಾತಾಡುತ್ತಿದ್ದರು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನಮ್ಮ ಚಹಾ! ಶುಂಠಿ ಹಾಕಿದ್ದು! ಅತ್ತೆಯ ಕೈಚೀಲದಲ್ಲಿ ಚಹಾಪುಡಿ, ಒಣಶುಂಠಿ ಸದಾ ಇರುತ್ತವೆ.

ನನಗೆ ನಾಚಿಕೆಯಿಂದ ತಲೆ ತಗ್ಗಿಸುವಂತಾಯಿತು. ಹೋಟೆಲಿನ ಗೆಸ್ಟು ಅಡುಗೆಮನೆಗೆ ನುಗ್ಗುವುದೆಂದರೇನು? "ಸಾರಿ, ವೆರಿ ಸಾರಿ" ಅನ್ನುತ್ತಾ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಲು ಹೋದೆ. ಸಿನ್ಯೋರಾ ನನ್ನ ಕೈಯನ್ನು ಮೆಲ್ಲಗೆ ಸರಿಸಿ ಏನೋ ಅಂದರು.

"ನಿನಗೂ ಕುಂದ್ರು ಅನ್ನಾಕತ್ತಾರ" ಅಂತ ಅತ್ತೆ ಅನುವಾದ ಮಾಡಿದರು, ಹುಟ್ಟಿದಾಗಿನಿಂದ ಇಟಾಲಿಯನ್ ಬಲ್ಲವರ ಹಾಗೆ. ಅದೇ ಹೊತ್ತಿಗೆ ಲುಂಗಿಯವರು ಏದುಸಿರು ಬಿಡುತ್ತಾ ಬಂದರು. ಅವರಿಗೂ ಒಂದು ಕಪ್ ಚಹಾ ಸಿಕ್ಕಿತು.

ಮರುದಿನ ನಾವು ಊರು ನೋಡಲು ಹೊರಟೆವು. ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. "ನೀವು ಹೋಗಿ ಬರ್ರಿ. ನಮಗ ಕೆಲಸ ಐತಿ."

ನಮಗ! ಆ ಮಾತಿನಲ್ಲಿ ಎಂಥ ಗತ್ತಿತ್ತು ಅಂತೀರಿ.

ಮಧ್ಯಾಹ್ನ ನಾವು ಕಾಲು ಎಳೆದುಕೊಂಡು ವಾಪಸು ಬರುವಾಗ ಮೆಟ್ಟಿಲ ಮೇಲೇ ಒಗ್ಗರಣೆಯ ಘಾಟು ಮೂಗಿಗೆ ಬಡಿಯಿತು. ಕೆಂಪು ಫೈರ್ ಎಂಜಿನ್ನು ಕಣ್ಣ ಮುಂದೆ ಬಂತು. ಮೇಲಕ್ಕೆ ಓಡಿದೆ. ಅಡುಗೆಮನೆಯ ತುಂಬ ಹೊಗೆ. ಸಿನ್ಯೋರಾ ಕೆಮ್ಮುತ್ತಿದ್ದರು, ಅತ್ತೆ ಕೆಮ್ಮುತ್ತಿದ್ದರು, ಇಬ್ಬರೂ ಕೆಮ್ಮಿನ ಮಧ್ಯೆ ನಗುತ್ತಿದ್ದರು. ಸಿನ್ಯೋರಾ ಎದ್ದು ಹೋಗಿ ಕಿಟಕಿ ತೆಗೆದರು. ಅಷ್ಟೇ. ಹೊಗೆ ಹೋಯಿತು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸ್ಯಾನ್ ರಮೋನ್‌ನ ನನ್ನ ಅಡುಗೆಮನೆಗೂ ಒಂದು ಕಿಟಕಿ ಇದೆ. ಸಿಂಕಿನ ಮೇಲೆ, ಒಳ್ಳೆ ದೊಡ್ಡದು. ಸ್ಟವ್ ಹತ್ತಿರ ಹೋಗಬೇಡಿ ಅಂದಾಗ ನನಗೆ ಅದು ಹೊಳೆದಿರಲೇ ಇಲ್ಲ.

ಆ ಸಂಜೆ ಹಿಂದಿನ ಬಾಲ್ಕನಿಯಲ್ಲಿ ಅತ್ತೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. (ನಮ್ಮವಲ್ಲ. ಸಿನ್ಯೋರಾ ಅವರ ಟವೆಲುಗಳು.) ನಾನೂ ಒಂದು ತುದಿ ಹಿಡಿದುಕೊಂಡೆ. ಅಂತೂ ಕೇಳಿದೆ.

"ಅತ್ತೆ, ಇಲ್ಲಿ ನೀವು ಗೆಸ್ಟು. ಇಷ್ಟೆಲ್ಲಾ ಯಾಕೆ ಮಾಡ್ತೀರಿ?"

"ಒಬ್ಬರ ಮನ್ಯಾಗ ಇರಬೇಕಂದ್ರ ಸುಮ್ನ ಕುಂತು ಉಣ್ಣಾಕ ಆಗ್ತದೇನು? ಪಾಪ, ಆಕಿಗೂ ವಯಸ್ಸಾಗೇತಿ."

"ಮತ್ತೆ ನಮ್ಮನೇಲಿ..." ಅಂದೆ.

ಅತ್ತೆ ಟವೆಲು ಮಡಿಸಿದರು. ಇನ್ನೊಂದು ಮಡಿಸಿದರು. ಆಮೇಲೆ ತುಂಬ ಮೆತ್ತಗೆ, ನನಗೆಲ್ಲಿ ನೋವಾದೀತೋ ಅನ್ನುವ ಹಾಗೆ ಹೇಳಿದರು.

"ನೀ ಭಾಳ ಉಪಚಾರ ಮಾಡಿದಿ, ಸುಧಾ. ಬೀಗರಿಗೆ ಮಾಡಿದಂಗ ಮಾಡಿದಿ. ಬೀಗರಾದವರು ಉಪಚಾರ ಮಾಡಿಸ್ಕೊಂಡು ಎದ್ದು ಹೋಗ್ತಾರ. ಮಗನ ಮನ್ಯಾಗ ನಾ ಎಷ್ಟ್ ದಿನಾ ಬೀಗತಿ ಆಗಿ ಇರಲಿ ಹೇಳು?"

ನನಗೆ ಅಳು ಬಂತು. ತಡೆಯಲಿಲ್ಲ. ಉಪಚಾರ ಹೆಚ್ಚಾಯಿತು ಅಂತ ಯಾರಾದರೂ ಮನೆ ಬಿಟ್ಟು ಹೋಗುತ್ತಾರೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀಗರಿಗೆ ಎಲೆ ತುದಿಯ ಉಪ್ಪಿನಿಂದ ಹಿಡಿದು ತಾಂಬೂಲದವರೆಗೆ ಯಾವುದಕ್ಕೂ ಕೈ ಹಾಕಲು ಬಿಡಬಾರದು ಅಂತ ನನ್ನಮ್ಮ ಮೈಸೂರಿನಲ್ಲಿ ಕಲಿಸಿದ್ದಳು. ಅದನ್ನೇ ನಾನು ಅತ್ತೆಗೆ ಮಾಡಿದ್ದೆ. ಅತ್ತೆ ಒಂದು ಟವೆಲಿನಲ್ಲಿ ನನ್ನ ಕಣ್ಣು ಒರೆಸಿದರು, ಅದೂ ಸಿನ್ಯೋರಾ ಅವರದು.

"ಊರಿಗೆ ಹೋಗಬೇಡಿ, ನಮ್ಮ ಜೊತೆ ವಾಪಸು ಬನ್ನಿ" ಅಂದೆ. "ಏ ಹುಚ್ಚಿ, ಊರಾಗ ಎಲ್ಲಾರಿಗೂ ಬರ್ತೀನಿ ಅಂತ ಹೇಳಿ ಕಳ್ಸೀನಿ" ಅಂತ ನಕ್ಕರು. ಮಗನ ಮುಂದೆ ಈ ವಿಷಯ ಎತ್ತಬಾರದು ಅಂತಲೂ ತಾಕೀತು ಮಾಡಿದರು. (ಈಗ ನಮ್ಮವರು ಇದನ್ನು ಓದುತ್ತಾರೆ. ಓದಲಿ.)

ಹೊರಡುವ ದಿನ ಅತ್ತೆ ಟ್ರಂಕಿನಿಂದ ಹೊಸ ಖಣದ ಬಟ್ಟೆ ತೆಗೆದು ಸಿನ್ಯೋರಾ ಕೈಗಿಟ್ಟು, "ಹೋಗಿ ಬರ್ತೀನ್ರಿ, ನಮ್ಮ ಊರ ಕಡಿ ಬಂದ್ರ ಮನಿಗೆ ಬರ್ರಿ" ಅಂದರು. ಸಿನ್ಯೋರಾ ಅದನ್ನು ಎದೆಗೆ ಒತ್ತಿಕೊಂಡರು. ಒಳಗೆ ಹೋಗಿ ಅದೇ ಕಾಯಿಯ ಒಣಗಿದ ಕಾಳುಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ತಂದರು. ವಿಮಾನ ನಿಲ್ದಾಣದಲ್ಲಿ ಅತ್ತೆ ಅದರಲ್ಲಿ ಅರ್ಧ ನನ್ನ ಕೈಗೆ ಸುರಿದರು. "ಹಿತ್ತಲದಾಗ ಹಾಕು."

ಹಾಕಿದ್ದೇನೆ. (ಕಸ್ಟಮ್ಸಿನವರಿಗೆ ತೋರಿಸಿಯೇ ತಂದೆ. ತಿರುಗಿಸಿ ಮುರುಗಿಸಿ ನೋಡಿ ಬಿಟ್ಟರು.) ಲಾನಿನ ಅಂಚಿನಲ್ಲಿ ಮೊಳೆತಿವೆ. ಅನು ದಿನಾ ನೀರು ಹಾಕಿ, "ಅಜ್ಜೀಸ್ ಬೀನ್ಸ್" ಅಂತ ಬಂದವರಿಗೆಲ್ಲಾ ತೋರಿಸುತ್ತಾಳೆ.

ಕಳೆದ ಭಾನುವಾರ ಹುಬ್ಬಳ್ಳಿಗೆ ಫೋನು ಸಿಕ್ಕಿತು. ಗರಗರ ಸದ್ದಿನ ಮಧ್ಯೆ ಅತ್ತೆ ಮೊದಲು ಕೇಳಿದ್ದು ಬಳ್ಳಿಯ ಸಮಾಚಾರ. ಬಳ್ಳಿ ಅಲ್ಲ ಅತ್ತೆ, ಗಿಡ ಅಂದೆ. ಕಾಯಿ ಬಿಡುವ ಹೊತ್ತಿಗೆ ಮತ್ತೆ ಬರುತ್ತಾರಂತೆ. ನನಗೆ ಖುಷಿ ತಡೆಯಲಾಗಲಿಲ್ಲ. ಹೊಸ ಪರದೆ ಹಾಕಿಸಲಾ, ರೂಮಿಗೆ ಹೊಸ ಮಂಚ ತರಿಸಲಾ, ಏನೇನು ತಂದಿಡಲಿ ಅಂತ ಒಂದೇ ಸಮನೆ ಕೇಳಿದೆ.

"ಏನೂ ಮಾಡಬ್ಯಾಡ. ಸುಮ್ನ ರೆಸ್ಟ್ ತಗೋ. ನಾ ಬಂದು ಎಲ್ಲಾ ಮಾಡ್ತೀನಿ" ಅಂದರು ಅತ್ತೆ.

ಏನೂ ಮಾಡದೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಆವತ್ತಿನಿಂದ ಕಲಿಯುತ್ತಿದ್ದೇನೆ.