ಗಾಳಿಗುಟ್ಟದ ಹಿಂದಿನ ಹೆಗಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಳಿಗುಟ್ಟದ ನೆತ್ತಿ ಮೋಡದೊಳಗೆ ಹೂತುಹೋಗಿದೆ. ಬುಡದ ಬೇವಿನ ಮರದಡಿ ಸಾಯಮ್ಮ ಡೋಲಿಯ ಬಿದಿರಿಗೆ ಒಲೆಯ ಬೂದಿ ತಿಕ್ಕುತ್ತಿದ್ದಾರೆ. ಮೃಗಶಿರಾ ಮಳೆ ಹಿಡಿದ ಮೇಲೆ ಒದ್ದೆ ಬಿದಿರು ಹೆಗಲ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಬೂದಿ ತಿಕ್ಕಿ, ಹಗ್ಗದ ಗಂಟುಗಳನ್ನು ಎಳೆದು ನೋಡಿ, ಕಚ್ಚೆ ಬಿಗಿದು, ಹಳೆಯ ಕಂಬಳಿಯ ತುಂಡೊಂದನ್ನು ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಇವತ್ತ ಮ್ಯಾಲ ನೀರು ಬಿದ್ದಾವ್ರಿ. ಸಪ್ಪಳ ಕೇಳ್ರಿ," ಎಂದು ಮೋಡದ ಕಡೆ ಮುಖ ಎತ್ತುತ್ತಾರೆ. ಇವರ ಬಗ್ಗೆ ಬರೆಯಲೆಂದು ಬಂದಿರುವ ನಾನೂ ಕಿವಿಗೊಡುತ್ತೇನೆ. ಹೌದು, ರೈಲು ಎಲ್ಲೋ ದೂರದಲ್ಲಿ ಸೇತುವೆ ದಾಟುತ್ತಿರುವಂಥ ಸದ್ದು.

ಈ ಸದ್ದಿಗಾಗಿಯೇ ಜನ ಇಲ್ಲಿಗೆ ಬರುತ್ತಾರೆ. ತಾಂಡೂರು ಸ್ಟೇಷನ್ನಿನಲ್ಲಿ ಇಳಿದು, ಬೊಮ್ರಾಸಪೇಟ್ ದಿಕ್ಕಿಗೆ ಎತ್ತಿನ ಗಾಡಿ ಹಿಡಿದರೆ ಅರ್ಧ ದಿನದ ಹಾದಿ. ವರ್ಷವಿಡೀ ಬೋಳಾಗಿ ಬಿದ್ದಿರುವ ಗುಡ್ಡ ಮೊದಲ ಜೋರು ಮಳೆಗೆ ಎಚ್ಚರಗೊಳ್ಳುತ್ತದೆ. ತುದಿಯಿಂದ ನೀರು ಕಂದರಕ್ಕೆ ಧುಮುಕುತ್ತದೆ. ಫಸಲಿ ೧೩೪೮ರ, ಅಂದರೆ ಇಂಗ್ಲಿಷ್ ೧೯೩೯ರ, ಈ ಮುಂಗಾರಿನಲ್ಲಿ ಜಹೀರಾಬಾದಿನ ವ್ಯಾಪಾರಿಗಳು, ಹೈದರಾಬಾದಿನ ವಕೀಲರ ಕುಟುಂಬಗಳು, ಕಾಲೇಜು ಹುಡುಗರು ಬಂದುಹೋಗಿದ್ದಾರೆ. ಕಾಲಿನಲ್ಲಿ ಕಸುವಿದ್ದವರು ನಡೆದು ಹತ್ತುತ್ತಾರೆ. ಇಲ್ಲದವರನ್ನು ಸಾಯಮ್ಮ ಮತ್ತು ಅವರ ಗಂಡ ಮೊಗಲಪ್ಪ ಡೋಲಿಯಲ್ಲಿ ಹೊತ್ತೊಯ್ಯುತ್ತಾರೆ. ಮುಂದೆ ಗಂಡ, ಹಿಂದೆ ಹೆಂಡತಿ. ಏರು ಹಾದಿಯಲ್ಲಿ ಭಾರವೆಲ್ಲ ಹಿಂದಿನ ಹೆಗಲಿಗೇ ಜಗ್ಗುತ್ತದೆ ಎನ್ನುವುದು ಡೋಲಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಸಾಯಮ್ಮನ ತವರು ನಾರಾಯಣಖೇಡದ ಆಚೆ, ಮನೂರ್ ಹತ್ತಿರ. ಮದುವೆಯಾಗಿ ಬಂದಾಗ ಡೋಲಿ ಹೊರುತ್ತಿದ್ದವರು ಮೊಗಲಪ್ಪ ಮತ್ತು ಅವರ ಅಣ್ಣ ಹಣಮಯ್ಯ. ಹಣಮಯ್ಯ ಪ್ಲೇಗಿನಲ್ಲಿ ತೀರಿಹೋದ ಮೇಲೆ ಡೋಲಿ ಒಂದು ಇಡೀ ಮಳೆಗಾಲ ಜಂತಿಗೆ ನೇತಾಡಿತು. ಜೊತೆಗೆ ಹೆಗಲು ಕೊಡಲು ಊರಲ್ಲಿ ಯಾರೂ ಬರಲಿಲ್ಲ.

"ಇಂವ ದಿನಾ ಅದನ್ನ ನೋಡಿಕೋತ ಕೂಡತಿದ್ದ್ರಿ. ನನಗ ಸಿಟ್ಟು ಬಂತು. ಇಳಸು ಅದನ್ನ, ನಾ ಹಿಡೀತೀನಿ ಅಂದೆ," ಎಂದು ಸಾಯಮ್ಮ ಗಂಡನ ಕಡೆ ಕೈ ಮಾಡಿ ನಗುತ್ತಾರೆ. ಮೊದಲು ಬೀಸುವ ಕಲ್ಲು ಇಟ್ಟು ಹೊತ್ತು ನೋಡಿದರಂತೆ. ಆಮೇಲೆ ಅತ್ತೆ ಪೋಚಮ್ಮ ತಾವೇ ಹತ್ತಿ ಕುಳಿತರು. "ಹಳೇ ಎಲುಬು ಅದಾವ, ಕೆಡವಿದ್ರ ನನ್ನನ್ನೇ ಕೆಡವು. ಮಂದೀನ ಕೆಡವಬ್ಯಾಡ ಅಂದಳು ಮುದುಕಿ. ಅರ್ಧ ಗುಡ್ಡ ಹತ್ತಿಸಿದ್ವಿ. ಇಳಿಯಾಕ ಒಲ್ಲೆ ಅಂತ ಹಟ ಹಿಡದ್ಳು!"

ಆದರೂ ಬಂದವರು ಹೆಂಗಸನ್ನು ಕಂಡು ಹಿಂದೆ ಸರಿಯುತ್ತಿದ್ದರು. ಹಾದಿ ತೆರೆದದ್ದು ಹೈದರಾಬಾದಿನ ವಯಸ್ಸಾದ ಬೇಗಂ ಒಬ್ಬರು. ಹಿಂದಿನವರ ಕಣ್ಣು ದಾರಿಯುದ್ದಕ್ಕೂ ತನ್ನ ಮೇಲೇ ಇರುತ್ತದಲ್ಲ, ಅಲ್ಲಿ ಹೆಂಗಸಿದ್ದರೆ ಪರದೆ ಸರಿಸಿ ಗಾಳಿಗೆ ಮುಖ ಒಡ್ಡಬಹುದು ಎಂದು ಅವರು ಸಾಯಮ್ಮನನ್ನೇ ಬೇಡಿ ಪಡೆದರು. ಅಂದಿನಿಂದ ಹೆಂಗಸರು ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ. ಮಳೆ ಚೆನ್ನಾಗಿದ್ದ ದಿನ ಎರಡು ಸಲ ಹತ್ತಿಳಿಯುವುದೂ ಉಂಟು. ಗುಡ್ಡ ಒಣಗಿದ ಮೇಲೆ ಕೂಲಿ, ಕಳೆ, ಕೊಯ್ಲು.

ಇವತ್ತು ಡೋಲಿ ಏರಲಿರುವವರು ತಾಂಡೂರಿನ ತಾರಾಬಾಯಿ. ಕಲ್ಲಿನ ವ್ಯಾಪಾರದ ಮನೆಯ ಹಿರಿಯ ವಿಧವೆ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಮೊಣಕಾಲಲ್ಲಿ ನೋವು, ಕಣ್ಣಲ್ಲಿ ಜಾತ್ರೆಗೆ ಹೊರಟ ಹುಡುಗಿಯ ಸಡಗರ. ರಾಯಿಕೋಡಿನಿಂದ ಮದುವಣಗಿತ್ತಿಯಾಗಿ ಗಾಡಿಯಲ್ಲಿ ಬಂದವರು, ಆ ವರ್ಷವೇ ಕೊಡಂಗಲ್ಲಿನ ನಂಟರ ಮನೆಗೆ ಹೋಗುವಾಗ ಗುಡ್ಡದ ಮೈಮೇಲೆ ಬಿಳಿ ದಾರದಂಥ ನೀರನ್ನು ದೂರದಿಂದ ಕಂಡಿದ್ದರು. "ಹತ್ರ ಹೋಗಿ ನೋಡೂಣು ಅಂದೆ. ಮುಂದಿನ ವರ್ಷ ಅಂದ್ರು ನಮ್ಮನಿಯವ್ರು. ಅಂಥಾ ಮುಂದಿನ ವರ್ಷ ಎಷ್ಟೋ ಆದ್ವು. ಅವ್ರೂ ಹೋದ್ರು," ಎನ್ನುತ್ತಾರೆ.

ಜೊತೆಗೆ ಬಂದ ಅಣ್ಣನ ಮಗ ಬಂಡೆಪ್ಪನಿಗೆ ಇದು ಇಷ್ಟವಿಲ್ಲ. "ಅತ್ತಿ, ಹೆಣ್ಣಮಗಳು ಹೊರೋ ಡೋಲಿದಾಗ ಕೂಡತೀಯೇನು? ಬೀಳಿಸಿದ್ರ?"

"ಹೆಣ್ಣಮಗಳು ಹೊತ್ತ ಮ್ಯಾಲೇ ನೀ ಹುಟ್ಟೀದಿ. ನಡಿ ಸುಮ್ನ," ಎಂದು ತಾರಾಬಾಯಿ ಕಾಲು ಮಡಚಿ ಕುಳಿತೇಬಿಡುತ್ತಾರೆ.

ಹಾದಿ ಮೊದಲಿಗೆ ಸುಲಭ. ಸೀತಾಫಲದ ಪೊದೆಗಳು ರಾತ್ರಿ ಬೆಳಗಾಗುವುದರಲ್ಲಿ ಚಿಗುರಿವೆ. ಮಳೆಹುಳುಗಳು ಕೆಂಪು ಮಕಮಲ್ಲಿನ ಗುಂಡಿಗಳಂತೆ ಮಣ್ಣಿನ ಮೇಲೆ ಹರಿದಾಡುತ್ತಿವೆ. ಸಾಯಮ್ಮ ಉಸಿರಿನ ಜೊತೆ "ಹೂಂ... ಹೂಂ..." ಎಂದು ಹೆಜ್ಜೆಗೆ ತಾಳ ಹಾಕುತ್ತಾರೆ, ಮುಂದಿನಿಂದ ಮೊಗಲಪ್ಪ ಅದೇ ತಾಳದಲ್ಲಿ ಓಗೊಡುತ್ತಾರೆ. ಡೋಲಿಯೊಳಗಿಂದ ತಾರಾಬಾಯಿ "ಬಂತೇನ? ಇನ್ನೆಷ್ಟು ಅದ?" ಎಂದು ಕೇಳುತ್ತಲೇ ಇದ್ದಾರೆ. ನೀರಿನ ಸದ್ದು ತಿರುವಿನಿಂದ ತಿರುವಿಗೆ ದಪ್ಪವಾಗುತ್ತಿದೆ.

ಅರ್ಧಕ್ಕಿಂತ ಮೇಲೆ ಬಂದಾಗ ಮಳೆ ಒಮ್ಮೆಲೇ ಬೀಳುತ್ತದೆ. ಮುಂದಿನ ಬಂಡೆಯ ಮೇಲೆ ಮೊಗಲಪ್ಪನ ಕಾಲು ಜಾರುತ್ತದೆ. ಅವರು ಮಂಡಿಯೂರುತ್ತಾರೆ, ಬಿದಿರು ಹೆಗಲಿನಿಂದ ಕಳಚುತ್ತದೆ, ಡೋಲಿ ಕಂದರದ ಕಡೆ ವಾಲುತ್ತದೆ. ಸಾಯಮ್ಮ ಬಿದಿರಿನ ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ಎದೆಗವಚಿ ಹಾಗೇ ನೆಲಕ್ಕೆ ಕೂತುಬಿಡುತ್ತಾರೆ. ಡೋಲಿ ಅಲ್ಲಾಡಿ ನಿಲ್ಲುತ್ತದೆ. ಬಂಡೆಪ್ಪನೂ ನಾನೂ ಓಡಿ ಹಿಡಿದು ತಾರಾಬಾಯಿಯವರನ್ನು ಇಳಿಸಿಕೊಳ್ಳುತ್ತೇವೆ.

ಮೊಗಲಪ್ಪನ ಹರಡು ಆಗಲೇ ಊದುತ್ತಿದೆ. ಸಾಯಮ್ಮ ಸೆರಗಿನ ಅಂಚು ಹರಿದು ಬಿಗಿಯಾಗಿ ಕಟ್ಟಿ, ಗಂಡನನ್ನು ಬಂಡೆಯ ಗವಿಯಂಥ ಸಂದಿಗೆ ಕೂರಿಸುತ್ತಾರೆ.

"ಸಾಕು. ತಿರುಗಿ ಹೋಗೂಣು," ಎಂದು ಬಂಡೆಪ್ಪ ಹೇಳುತ್ತಾರೆ.

ತಾರಾಬಾಯಿ ಮೇಲೆ ನೋಡುತ್ತಾರೆ. ಸದ್ದು ಈಗ ತಲೆಯ ಮೇಲೇ ಇದೆ. "ಇಲ್ಲಿ ತನಕಾ ಬಂದು? ನಾ ನಡೀತೀನಿ." ಆಮೇಲೆ ತಿರುಗಿ, "ಸಾಯಮ್ಮ, ಕೈ ಕೊಡು."

ಸಾಯಮ್ಮ ಕೈ ಚಾಚುವುದಿಲ್ಲ. ಬಂಡೆಪ್ಪನ ಮುಖ ನೋಡುತ್ತಾರೆ. "ನಾವು ಮುಟ್ಟಬಾರ್ದು ಎವ್ವಾ. ಡೋಲಿ ಹೊರೋದು ಬ್ಯಾರೆ, ಇದು ಬ್ಯಾರೆ."

"ಅತ್ತಿ, ನಾ ಹಿಡೀತೀನಿ," ಎಂದು ಬಂಡೆಪ್ಪ ಮುಂದೆ ಬರುತ್ತಾರೆ.

"ನಿನ್ನ ಕಾಲಾಗ ಬೂಟ್ ಅದಾವ, ನೀನೇ ಜಾರಾಕತ್ತಿ. ಆಗಳೆ ನಾ ಕೆಳಗ ಹೋಗತಿದ್ದೆ. ಹಿಡದಾಕಿ ಈಕಿ." ಹೀಗೆಂದು ತಾರಾಬಾಯಿ ತಾವೇ ಸಾಯಮ್ಮನ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ.

ಇಬ್ಬರೂ ಹತ್ತುತ್ತಾರೆ. ಮೊದಮೊದಲು ಸಾಯಮ್ಮ ತೋಳು ದೂರ ಚಾಚಿಯೇ ನಡೆಯುತ್ತಾರೆ. ಒಂದು ಕಡಿದಾದ ತಿರುವಿನಲ್ಲಿ ತಾರಾಬಾಯಿಯ ಮೊಣಕಾಲು ಮಡಚಿದಾಗ ಮಾತ್ರ ಸೊಂಟಕ್ಕೆ ಕೈ ಹಾಕಿ ಎತ್ತಿಕೊಳ್ಳುತ್ತಾರೆ. ಆಮೇಲೆ ಆ ಕೈ ಅಲ್ಲಿಂದ ಕದಲುವುದಿಲ್ಲ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದಾರೆ, ಇಬ್ಬರೂ ಯಾಕೋ ನಗುತ್ತಿದ್ದಾರೆ.

ತುದಿಗೆ ಇನ್ನೇನು ಬಂದೆವು ಎನ್ನುವಾಗ ಒಂದು ಹುಣಸೆ ಮರ. ಅದರಾಚೆ ಜಾಗೀರದಾರರು ಕಟ್ಟಿಸಿದ ಚಬೂತರಾ, ಕಲ್ಲಿನ ಎತ್ತರದ ಕಟ್ಟೆ. ಅಲ್ಲಿ ನಿಂತರೇ ನೀರು ಹತ್ತಿರದಿಂದ ಕಾಣುವುದು. ಸಾಯಮ್ಮ ಮರದ ಕೆಳಗೆ ನಿಂತುಬಿಡುತ್ತಾರೆ. "ನಮ್ಮದು ಇಲ್ಲಿ ತನಕಾ ರೀ. ಹೊರೋ ಮಂದಿ ಆ ಕಡಿ ಬರಂಗಿಲ್ಲ. ನೀವು ನೋಡ್ಕೊಂಡು ಬರ್ರಿ."

ಇಷ್ಟು ಮಳೆಗಾಲ, ಇಷ್ಟು ಜನರನ್ನು ಹೊತ್ತು ತಂದ ಸಾಯಮ್ಮ ಆ ನೀರನ್ನು ಒಮ್ಮೆಯೂ ಹತ್ತಿರದಿಂದ ಕಂಡಿಲ್ಲ ಎನ್ನುವುದು ನಮಗೆ ಗೊತ್ತಾದದ್ದು ಆಗಲೇ.

ಗೋಣಿ ಹೊದ್ದ ಚೌಕಿದಾರ ಎದ್ದು ಬಂದು "ಆಗೆ ನಕ್ಕೋ! ಮುಂದ ಬರಬ್ಯಾಡ!" ಎಂದು ಸಾಯಮ್ಮನಿಗೆ ಕೋಲು ಅಡ್ಡ ಹಿಡಿಯುತ್ತಾನೆ. ತಾರಾಬಾಯಿ ಸಾಯಮ್ಮನ ಕೈ ಬಿಡುವುದಿಲ್ಲ. "ಈಕಿ ಬಿಟ್ರ ನಾ ಬೀಳತೀನಪ್ಪ. ಬಿದ್ರ ಜಾಗೀರದಾರರಿಗೆ ನೀ ಜವಾಬು ಕೊಡತೀಯೇನು?"

ಚೌಕಿದಾರ ಬಂಡೆಪ್ಪನ ಕಡೆ ನೋಡುತ್ತಾನೆ. ಬಂಡೆಪ್ಪ ಏನು ಹೇಳಿಯಾರೆಂದು ನಾನೂ ಅತ್ತ ತಿರುಗುತ್ತೇನೆ. ಅವರು ಮುಖದ ನೀರು ಒರೆಸಿಕೊಂಡು, "ಬಿಡು ಮಾರಾಯ. ಆಕಿ ಹಿಡೀದಿದ್ರ ನಮ್ಮತ್ತಿ ಇವತ್ತ ಉಳೀತಿದ್ದಿಲ್ಲ," ಎನ್ನುತ್ತಾರೆ. ಕೋಲು ಕೆಳಗಿಳಿಯುತ್ತದೆ.

ಚಬೂತರಾದ ಅಂಚಿಗೆ ಬಂದ ಹೊತ್ತಿಗೆ ಮೋಡ ಹರಿದಿದೆ. ಕೆಂಪು ನೀರು ಬಂಡೆಯ ತುಟಿಯಿಂದ ಹಾರಿ ಬೀಳುತ್ತಿದೆ. ಕಂದರದಿಂದ ಮೇಲೆ ನುಗ್ಗುವ ಗಾಳಿ ಅದರ ಅರ್ಧವನ್ನು ಹಿಡಿದು, ಹಿಂಜಿದ ಹತ್ತಿಯಂತೆ ಮತ್ತೆ ಮೇಲಕ್ಕೇ ತೂರುತ್ತಿದೆ. ಬಿದ್ದ ನೀರೇ ತಿರುಗಿ ನಮ್ಮ ಮುಖಕ್ಕೆ ಬಡಿಯುತ್ತದೆ. ಆಚೆ ತೊಯ್ದ ಕರಿ ಹೊಲಗಳು, ಅದರಾಚೆ ತಾಂಡೂರಿನ ರೈಲಿನ ಹೊಗೆ.

"ಎವ್ವಾ! ನೀರು ಮ್ಯಾಲ ಹೊಂಟಾವ! ನೋಡ್ರಿ, ನೀರು ಮ್ಯಾಲ ಹೊಂಟಾವ!" ಸಾಯಮ್ಮ ಕೂಗುತ್ತಾರೆ. ತಾರಾಬಾಯಿಯೂ ಕೂಗುತ್ತಾರೆ. ಯಾರು ಏನು ಕೂಗಿದರೆಂದು ಆ ಸದ್ದಿನಲ್ಲಿ ಆಮೇಲೆ ತಿಳಿಯಲಿಲ್ಲ. ಬಂಡೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಮಳೆ ಮತ್ತೆ ದಟ್ಟವಾಗಿ ಎಲ್ಲವನ್ನೂ ಮುಚ್ಚುವ ತನಕ ನಾವು ಅಲ್ಲಿಂದ ಕದಲಲಿಲ್ಲ.

ಡೋಲಿ ಇಟ್ಟಲ್ಲಿಗೆ ಇಳಿದು ಬರುವಷ್ಟರಲ್ಲಿ ತಾರಾಬಾಯಿಯ ಮೊಣಕಾಲು ಪೂರ್ತಿ ಸೋತಿದೆ. ಡೋಲಿಯನ್ನಂತೂ ಒಬ್ಬರೇ ಹೊರಲಾಗದು. ಬಂಡೆಪ್ಪ ಬೂಟು ಕಳಚಿ ಕೊರಳಿಗೆ ಹಾಕಿಕೊಂಡು, ಬಿದಿರಿನ ಹತ್ತಿರ ಹೋಗಿ ನಿಲ್ಲುತ್ತಾರೆ. "ನಾ ಎಲ್ಲಿ ಹಿಡೀಲಿ ಸಾಯಮ್ಮ?"

"ಇಳಿಯಾಗ ಭಾರ ಮುಂದ ಬರ್ತದ, ಮುಂದ ನಾ ಇರತೀನಿ. ನೀವು ಹಿಂದ ಹಿಡೀರಿ. ನಾ ಹೂಂ ಅಂದಾಗ ಹೆಜ್ಜಿ ಇಡ್ರಿ ಸಾವಕಾರ್ರ."

ಮೊಗಲಪ್ಪ ನನ್ನ ಹೆಗಲಿಗೆ ಒರಗಿ ಕುಂಟುತ್ತಾ ಬರುತ್ತಾರೆ. ಮುಂದಿನಿಂದ "ಹೂಂ..." ಕೇಳುತ್ತದೆ, ಹಿಂದಿನಿಂದ ಬಂಡೆಪ್ಪನ ಏದುಸಿರಿನ "ಹೂಂ..." ಬರುತ್ತದೆ. ಡೋಲಿಯೊಳಗಿಂದ ತಾರಾಬಾಯಿಯ ನಗು.

ಬುಡದ ಗುಡಿಸಲಿನಲ್ಲಿ ಒಲೆ ಉರಿಯುತ್ತಿದೆ. ತಾರಾಬಾಯಿಯವರ ಗಾಡಿ ಹೊರಟುಹೋಗಿದೆ. ಸಾಯಮ್ಮ ಗಂಡನ ಕಾಲಿಗೆ ಬಿಸಿ ಇಟ್ಟಂಗಿಯ ಕಾವು ಕೊಡುತ್ತಾ, ನೀರು ಹೇಗೆ ಬೀಳುತ್ತದೆ, ಹೇಗೆ ಮೇಲೇಳುತ್ತದೆ ಎಂದು ಕೈಯಾಡಿಸಿ ಹೇಳುತ್ತಿದ್ದಾರೆ. ಮೊಗಲಪ್ಪ ನಂಬುವುದಿಲ್ಲ. "ಬಿದ್ದ ನೀರು ಎಲ್ಯಾರ ಏಳತಾವೇನು? ಹುಚ್ಚು ಹಿಡದದ ನಿನಗ."

ಹೊರಡುವ ಮುನ್ನ ಸಾಯಮ್ಮನನ್ನು ಕೇಳಿದೆ, ಇನ್ನೇನು ಆಸೆ ಇದೆ ಎಂದು. ಅವರು ಗಂಡನ ಕಡೆ ಒಮ್ಮೆ ನೋಡಿದರು.

"ಇಂವಗ ತೋರಸಬೇಕ್ರಿ. ಆ ಚೌಕಿದಾರ ಇವತ್ತ ಒಬ್ಬಾಕೀನ ಬಿಟ್ಟಾನ, ನಾಳಿ ಇಬ್ಬರನ್ನ ಬಿಡಲಿ. ಕಾಲು ನೆಟ್ಟಗಾದ್ರ ನಡಿಸ್ಕೊಂಡು ಹೋಗ್ತೀನಿ. ಆಗಲಿಲ್ಲಾಂದ್ರ ಬೆನ್ನಿಗೆ ಕಟಗೊಂಡು ಹೋಗ್ತೀನಿ. ಎಷ್ಟ ಮಂದೀನ ಹೊತ್ತೀನಿ, ಇಂವ ಏನು ದೊಡ್ಡ ಭಾರ?"