ಫೋನಿನ ಉಪವಾಸ, ಮುನವಳ್ಳಿಯ ಉಪವಾಸ

"ಅಜ್ಜಿ, ನಿನ್ನೆ ಏನ್ ತಿಂದಿದ್ರಿ?"

"ಏನೂ ಇಲ್ರಿ ಸರ. ಉಪವಾಸ ಇದ್ದೆ."

"ಉಪವಾಸದಾಗ ಏನ್ ತಿಂದ್ರಿ?"

"ಉಪವಾಸದ್ದ ತಿಂದೇನ್ರಿ."

ಬೆಳಗಾವಿಯ ಆಸ್ಪತ್ರೆಯಲ್ಲಿ ಮಗ್ಗುಲಾಗಿ ಮಲಗಿಕೊಂಡು ನಾನು ಡಾಕ್ಟರಿಗೆ ಕೊಟ್ಟ ಉತ್ತರವಿದು. ಅವರು ಕ್ಯಾಮೆರಾದ ನಳಿಗೆ ಹೊರಗೆ ತೆಗೆದುಬಿಟ್ಟರು. ಟಿ.ವಿ.ಯಲ್ಲಿ ಕರುಳು ಕಾಣಲಿಲ್ಲ. ಶೇಂಗಾದ ಚೂರುಗಳು ಕಂಡವು.

ಮೊಮ್ಮಕ್ಕಳೇ, ಅಜ್ಜಿ ಯಾಕೆ ಎರಡು ಸಲ ಬೆಳಗಾವಿಗೆ ಹೋದಳು ಅಂತ ಕೇಳುತ್ತಲೇ ಇದ್ದೀರಿ. ಬಾಯಿಬಿಟ್ಟು ಹೇಳಲು ನಾಚಿಕೆ, ಬರೆಯಲು ಅಷ್ಟಿಲ್ಲ (ಪೇಪರಿನಲ್ಲಿ ಬಂದದ್ದನ್ನು ಊರೆಲ್ಲ ಓದುತ್ತದೆ ಅನ್ನುವುದು ಬೇರೆ ಮಾತು). ಸಂಡಾಸಿನಲ್ಲಿ ರಕ್ತ ಕಂಡಿತ್ತು. ನನ್ನ ತಂಗಿಗೂ ಹೀಗೇ ಕಂಡಿತ್ತು. ನಾಚಿ ಮುಚ್ಚಿಟ್ಟಳು, ಉಳಿಯಲಿಲ್ಲ. ಅದಕ್ಕೇ ನಾನು ಸೊಸೆ ಶೋಭಾಳ ಕಿವಿಯಲ್ಲಿ ಹೇಳಿದೆ. ಅವಳು ಮರುದಿನವೇ ನಮ್ಮ ಮುನವಳ್ಳಿಯಿಂದ ಬೆಳಗಾವಿ ಬಸ್ ಹತ್ತಿಸಿದಳು. "ದೊಡ್ಡ ಕರುಳಿನಾಗ ಕ್ಯಾಮೆರಾ ಹಾಕಿ ನೋಡೂಣು" ಎಂದರು ಡಾಕ್ಟರು.

ತಯಾರಿ ಹೇಗೆ? ಕೌಂಟರಿನ ಹುಡುಗಿ ತಲೆ ಎತ್ತದೇ ಹೇಳಿದಳು: "ಎಲ್ಲಾ ಮೊಬೈಲ್‌ನ್ಯಾಗ ಬರ್ತೈತ್ರಿ. ನೋಡ್ಕೊಂಡು ಮಾಡ್ರಿ."

ಬಂತು. ಕೋಟು, ಟೈ ಹಾಕಿದ ಗೊಂಬೆಯೊಂದು ಶೋಭಾಳ ಫೋನಿನಲ್ಲಿ ನಿಂತು ಹೇಳಿತು: "ಪರೀಕ್ಷೆಯ ಹಿಂದಿನ ದಿನ ಉಪವಾಸವಿರಿ. ಸ್ಪಷ್ಟ ದ್ರವಗಳನ್ನು ಸೇವಿಸಿ."

ಸ್ಪಷ್ಟ ದ್ರವ ಅಂದರೇನು? ಮಾತು ಸ್ಪಷ್ಟ ಇರುತ್ತದೆ, ಅಕ್ಷರ ಸ್ಪಷ್ಟ ಇರುತ್ತದೆ. ನೀರು ತೊದಲುವುದನ್ನು ಯಾರಾದರೂ ಕೇಳಿದ್ದೀರಾ? ಗೊಂಬೆ ಮಾತ್ರ ಸೇಬಿನ ರಸ ಕುಡಿದು ನಕ್ಕಿತು.

"ಅದನ್ನ ಬಿಡ್ರಿ ಅತ್ತಿ, ಉಪವಾಸ ಅಂತೂ ತಿಳೀತಲ್ಲ" ಎಂದಳು ಶೋಭಾ.

ತಿಳಿಯದೇ ಏನು? ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರ ಅಂತ ಜೀವನವಿಡೀ ಮಾಡಿದ್ದೇ ಅದು. ಅನ್ನವಿಲ್ಲ, ರೊಟ್ಟಿಯಿಲ್ಲ. ಶೇಂಗಾ ಕುಟ್ಟಿ ಹಾಕಿದ ಸಾಬೂದಾನಿ ಖಿಚಡಿ, ಬಾಳೆಹಣ್ಣು, ಒಂದು ಲೋಟ ಹಾಲು. ಶೋಭಾ ಅವತ್ತು ಸ್ವಲ್ಪ ಹೆಚ್ಚೇ ಬಡಿಸಿದಳು. "ನಾಳೆ ತ್ರಾಸ ಐತಿ, ಗಟ್ಟಿ ಇರ್ರಿ."

ಆಮೇಲೆ ಭೇದಿಯ ಪುಡಿ ಕಲಸಿದ ನೀರು. (ಅದರ ಕಥೆ ಬೇಡ. ಮನೆಯವರೆಲ್ಲ ಪಕ್ಕದ ಮನೆಯ ಸಂಡಾಸಿಗೆ ಹೋದರು, ಅಷ್ಟೇ.) "ಅರ್ಥವಾಯಿತೇ?" ಎಂದಿತು ಫೋನು. ಶೋಭಾ ಹಸಿರು ಗುಂಡಿ ಒತ್ತಿದಳು. "ಅಭಿನಂದನೆಗಳು, ನಿಮ್ಮ ತಯಾರಿ ಪೂರ್ಣಗೊಂಡಿದೆ" ಎಂದು ನನಗೆ ಶಹಬ್ಬಾಸ್ ಕೊಟ್ಟಿತು.

ಡಾಕ್ಟರು ಕೊಡಲಿಲ್ಲ. "ಎಷ್ಟ ಕ್ಲಿಯರ್ ಹೇಳಿದ್ರೂ ಈ ಹಳ್ಳಿ ಮಂದಿಗೆ ತಿಳಿಯೂದಿಲ್ಲ" ಎಂದು ನರ್ಸಿನ ಕಡೆ ತಿರುಗಿ ಹೇಳಿದರು. ನಾನು ಸೆರಗು ಮುಖಕ್ಕೆಳೆದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಶೋಭಾ ಎಳೆದುಕೊಳ್ಳುವವಳಲ್ಲ.

"ಸರ, ಉಪವಾಸ ಅಂತ ನೀವ ಹೇಳೀರಿ. ನಿಮ್ಮ ಮನ್ಯಾಗ ಶಿವರಾತ್ರಿಗೆ ಏನ್ ಮಾಡ್ತಾರ್ರಿ?"

ಡಾಕ್ಟರು ಕೈಗವಸು ಕಳಚಿದರು. "ಸಾಬೂದಾನಿ ವಡಾ" ಎಂದರು. ನರ್ಸು ಮಾಸ್ಕಿನೊಳಗೇ ನಕ್ಕಳು.

ಆಮೇಲೆ ಅವರೇ ಕುಳಿತು ಹೇಳಿದರು: "ಅಗಿಯೂದು ಏನೂ ಬ್ಯಾಡ ಅಜ್ಜಿ. ಹಾಲೂ ಬ್ಯಾಡ. ಗಾಜಿನ ಗ್ಲಾಸಿನಾಗ ಹಾಕಿದ್ರ ಆಚಿ ಕಡಿ ಬೆರಳು ಕಾಣಬೇಕು, ಅಂಥಾದ್ದ ಕುಡೀರಿ. ಮುಂದಿನ ವಾರ ಬರ್ರಿ." ಇಷ್ಟೇ ಮಾತು. ಇದನ್ನು ಹೇಳಲು ಗೊಂಬೆಗೆ ಟೈ ಬೇಕಿತ್ತೇ?

ಆ ಒಂದು ವಾರ ನೀವು ಜಗಳಾಡಿದರೂ ನಾನು ಬೈಯಲಿಲ್ಲ, ಗಮನಿಸಿದಿರಾ? ಈ ಗದ್ದಲ ಇನ್ನೆಷ್ಟು ದಿನ ಕೇಳುತ್ತೇನೋ ಅಂತ ಸುಮ್ಮನೆ ಕೂತಿದ್ದೆ. ಕಣ್ಣ ಮುಂದೆ ತಂಗಿಯೇ ಬರುತ್ತಿದ್ದಳು.

ಎರಡನೇ ಸಲ ಕರುಳು ಕಂಡಿತು. ಅದರಲ್ಲೊಂದು ಸಣ್ಣ ಗಂಟೂ ಕಂಡಿತು. ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದಲ್ಲವಂತೆ, ಬಿಟ್ಟಿದ್ದರೆ ಆಗಬಹುದಿತ್ತಂತೆ.

ಗೊಂಬೆ ಇನ್ನೂ "ಉಪವಾಸವಿರಿ" ಎಂದೇ ಹೇಳುತ್ತಿದೆ. ನನ್ನನ್ನು ಮತ್ತೆ ಬಸ್ ಹತ್ತಿಸಲು ಶೋಭಾ ಇದ್ದಳು. ಅಂಥ ಸೊಸೆಯಿಲ್ಲದ ಇನ್ನೊಬ್ಬ ಅಜ್ಜಿ, ಒಂದೇ ಸಲಕ್ಕೆ ಸಾಕಾಗುವಷ್ಟು ಧೈರ್ಯ ಕೂಡಿಸಿಕೊಂಡು ಬಂದವಳು, ಬೈಸಿಕೊಂಡು ಮನೆಗೆ ಹೋದ ಮೇಲೆ ಮತ್ತೆ ಬರುತ್ತಾಳೆಯೇ?