ಮೆಟ್ಟಿಲ ಕೆಳಗೆ ಒಣಗುವ ವಾಕ್ಯಗಳು

“ಏನಮ್ಮಾ, ಇವತ್ತು ಯಾವ ಬಟ್ಟೆ ಒಣಗಾಕ್ತಿದ್ದೀರಾ?”

ಗೇಟಿನ ಕಾವಲುಗಾರ ತಾತ ದಿನಾ ಕೇಳುವ ಪ್ರಶ್ನೆ ಇದು. ಬೆಳಗಿನ ಆರೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಶಾಲೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಬಿಗಿಯುತ್ತಿದ್ದಾರೆ.

“ಕ್ರಿಯಾಪದ, ತಾತ. ನಿನ್ನೆ ಮಕ್ಕಳು ಚೆನ್ನಾಗಿ ಹಿಂಡಿದ್ದಾರೆ, ಒಣಗಬೇಕು.”

“ನಮ್ಮ ಕಾಲದಲ್ಲಿ ಮೇಷ್ಟ್ರು ನಮ್ಮನ್ನೇ ಹಿಂಡ್ತಿದ್ರು!” ತಾತ ಕಿವಿ ಮುಟ್ಟಿಕೊಂಡು ನಗುತ್ತಾರೆ.

ಹಾಜರಿ ಪುಸ್ತಕದಲ್ಲಿ ಈ ಹೆಂಗಸಿನ ಹುದ್ದೆ ‘ಓದು ಸಹಾಯಕಿ, ಅರೆಕಾಲಿಕ’. ಮಕ್ಕಳ ಬಾಯಲ್ಲಿ ಹಗ್ಗದ ಟೀಚರ್. ಶಾಲೆಯ ಗ್ರೂಪ್ ಫೋಟೋದಲ್ಲಿ ಅವರ ಅರ್ಧ ಮುಖ ಕಂಬದ ಹಿಂದಿದೆ. ಉಳಿದರ್ಧ ನಗುತ್ತಿದೆ. ಓದಿನಲ್ಲಿ ಹಿಂದುಳಿದ ಮೂರನೇ, ನಾಲ್ಕನೇ ತರಗತಿಯ ಹನ್ನೊಂದು ಮಕ್ಕಳು ಇವರ ಪಾಲು. ಕೆಲಸಕ್ಕೆ ಓಡುವ ಅಪ್ಪ ಅಮ್ಮಂದಿರು ಏಳಕ್ಕೆ ಮಕ್ಕಳನ್ನು ಬಿಟ್ಟು ಹೋಗುತ್ತಾರೆ, ಗಂಟೆ ಹೊಡೆಯುವುದು ಎಂಟಕ್ಕೆ. ಆ ನಡುವಿನ ಒಂದು ಗಂಟೆಯಲ್ಲಿ ಹಗ್ಗ ತುಂಬುತ್ತದೆ.

ಹಗ್ಗಕ್ಕೆ ಪದಗಳ ಚೀಟಿ, ಒಂದೊಂದು ಚೀಟಿಗೂ ಒಂದೊಂದು ಮಗು ಯಜಮಾನ. ಕ್ರಿಯಾಪದ ಯಾವಾಗಲೂ ಲಂಬೂವಿನದು, ಎಲ್ಲರಿಗಿಂತ ಎತ್ತರದ ಆ ಹುಡುಗ ಸಾಲಿನ ಕೊನೆಗೆ ನಿಲ್ಲುತ್ತಾನೆ. ಹಿಡಿಯಷ್ಟಿರುವ ಹುಡುಗಿಯೊಬ್ಬಳು ‘ನಾಯಿ’ ತೆಗೆದು ‘ನಾಯಿಗಳು’ ಸಿಕ್ಕಿಸಿದರೆ ಸಾಕು, ಲಂಬೂ ಎದ್ದೆನೋ ಬಿದ್ದೆನೋ ಎಂದು ಓಡಿ ‘ಓಡಿತು’ ಕಿತ್ತು ‘ಓಡಿದವು’ ಹುಡುಕಬೇಕು.

“ನಾಯಿ ಒಂದಾದ್ರೂ ನಾನೇ ಓಡ್ಬೇಕು, ಹತ್ತಾದ್ರೂ ನಾನೇ ಓಡ್ಬೇಕಾ ಟೀಚರ್?”

“ಕೊನೇಲಿ ನಿಂತವನಿಗೇ ಕಣಪ್ಪಾ ಕೆಲಸ ಜಾಸ್ತಿ. ಮನೇಲಿ ನಿಮ್ಮಮ್ಮನ್ನ ಕೇಳು, ಹೇಳ್ತಾರೆ.”

ದಿನಕ್ಕೆ ನಾಲ್ಕು ಹೊಸ ಪದ. ಅರ್ಥ ಹೇಳಿದರೆ ಸಾಲದು, ಮನೆಯಲ್ಲಿ ಬಳಸಿ ಬಂದು ವರದಿ ಒಪ್ಪಿಸಬೇಕು. ಇಂದಿನ ಮೊದಲ ವರದಿ: “ನಮ್ಮಪ್ಪ ಹಠಾತ್ತನೆ ಗೊರಕೆ ಹೊಡೆದ್ರು. ನಮ್ಮಜ್ಜಿ ಹಠಾತ್ತನೆ ಬೈದ್ರು.” ಟೀಚರ್ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂರುತ್ತಾರೆ.

ಈ ಟೀಚರ್ ಹುಟ್ಟಾ ಟೀಚರಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಮುಂದೆ ಗಾರ್ಮೆಂಟ್ಸಿನಲ್ಲಿ ಅಂಗಿಯ ಲೇಬಲ್ ಪರೀಕ್ಷಿಸುವ ಕೆಲಸ ಹಿಡಿದವರು. ಓದಲು ಬರುತ್ತದೆಂದು ಸುಳ್ಳು ಹೇಳಿ ಸೇರಿದ್ದರು. “ಅಕ್ಷರದ ಆಕಾರ ನೋಡಿ ಪಾಸ್ ಮಾಡ್ತಿದ್ದೆ. ಒಂದಿನ ಮುನ್ನೂರು ಅಂಗಿಗೆ ಲೇಬಲ್ ತಲೆಕೆಳಗಾಗಿ ಹೊಲಿದುಬಿಟ್ಟಿದ್ರು. ಮುನ್ನೂರನ್ನೂ ಪಾಸ್ ಮಾಡಿದೆ ನೋಡಿ, ಮಹಾತಾಯಿ!” ಎಂದು ಈಗ ತಾವೇ ಹೇಳಿಕೊಂಡು ನಗುತ್ತಾರೆ. ಎಲ್ಲರೆದುರು ಸೂಪರ್‌ವೈಸರ್ ಬೈದ ಆ ಸಂಜೆಯೇ ಮಗಳ ಒಂದನೇ ತರಗತಿಯ ಪುಸ್ತಕ ಬಿಡಿಸಿ ಕೂತರು. ಆಗ ವಯಸ್ಸು ಇಪ್ಪತ್ತೊಂಬತ್ತು. ಅತ್ತೆ ಮೊದಲು ನಕ್ಕರು, ಆಮೇಲೆ ಸೌಟು ಕಸಿದುಕೊಂಡರು: “ಒಲೆ ನಾನು ನೋಡ್ಕೋತೀನಿ. ಆ ಪುಸ್ತಕ ಸೀದುಹೋಗದ ಹಾಗೆ ನೀನು ನೋಡ್ಕೋ.” ಖಾಸಗಿಯಾಗಿ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿ, ಎರಡು ಸಲ ಫೇಲಾಗಿ, ಮೂರನೇ ಸಲ ದಾಟಿ, ತರಬೇತಿ ಮುಗಿಸುವಷ್ಟರಲ್ಲಿ ಮಗಳು ಅಮ್ಮನ ಎತ್ತರಕ್ಕೆ ಬೆಳೆದಿದ್ದಳು.

ಅದಕ್ಕೇ ಇರಬೇಕು, ಅರಳಿನ ಗುಟ್ಟು ಇವರ ಕಣ್ಣಿಗೇ ಬಿದ್ದದ್ದು. ಅರಳು ನಾಲ್ಕನೇ ತರಗತಿಯ ಹುಡುಗಿ. ಅರಳು ಹುರಿದಂತೆ ಪಾಠ ಓದುತ್ತಾಳೆಂದು ಆ ಅಡ್ಡಹೆಸರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳಮ್ಮ ಮಗಳ ಓದನ್ನು ಬಂದ ಗಿರಾಕಿಗಳಿಗೆಲ್ಲ ಕೊಂಡಾಡುತ್ತಾರೆ. ಎರಡು ತಿಂಗಳ ಹಿಂದೆ ತಮ್ಮನನ್ನು ಬಿಡಲು ಹಗ್ಗದ ಕೋಣೆಗೆ ಬಂದವಳು ತಾನೂ ಓದಿ ತೋರಿಸಿದಳು. ಪುಸ್ತಕದಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು, ಒಟ್ಟಿಗೆ ಮಗುಚಿದವು. ಬಾಯಿ ಮಾತ್ರ ನಿಲ್ಲಲಿಲ್ಲ. ಕಾಣದ ಪುಟವನ್ನೂ ಅವಳು ತಪ್ಪಿಲ್ಲದೆ ಓದಿ ಮುಗಿಸಿದಳು!

ಒಮ್ಮೆ ಕೇಳಿದ್ದನ್ನು ಹುಡುಗಿ ಮರೆಯುವುದಿಲ್ಲ. ಓದಲು ಮಾತ್ರ ಬರುವುದಿಲ್ಲ. ಎಲ್ಲರೂ ಹೋದ ಮೇಲೆ ಟೀಚರ್ ಮೆಲ್ಲಗೆ ಕೇಳಿದಾಗ ಕಣ್ಣೀರು ಕೋಡಿ. “ಅಮ್ಮಂಗೆ ಹೇಳ್ಬೇಡಿ ಟೀಚರ್.” ಹೇಳುವುದಿಲ್ಲವೆಂದು ಮಾತು ಕೊಟ್ಟದ್ದಾಯಿತು. ಅಂದಿನಿಂದ ತಮ್ಮನ ನೆಪದಲ್ಲಿ ಅಕ್ಕನಿಗೂ ಪಾಠ. ಪಠ್ಯಪುಸ್ತಕ ಮುಟ್ಟುವಂತಿಲ್ಲ. ಔಷಧಿ ಡಬ್ಬಿ, ಬಸ್ ಟಿಕೆಟ್, ಸೋಪಿನ ಕಾಗದ, ಹೀಗೆ ಯಾರೂ ಬಾಯಿಪಾಠ ಮಾಡಿರದಂಥವನ್ನೇ ಅಕ್ಷರಕ್ಕೆ ಬೆರಳಿಟ್ಟು ಓದುವ ಪಾಠ.

ಸೋಮವಾರ ದೊಡ್ಡ ಮೇಡಂ ಪಟ್ಟಿ ಅಂಟಿಸಿದರು: ಶುಕ್ರವಾರದ ಪ್ರಾರ್ಥನೆಯಲ್ಲಿ ಪ್ರಕಟಣೆ ಓದುವವಳು ಅರಳು. ಪ್ರಕಟಣೆಯ ಹಾಳೆ ಕೈಗೆ ಸಿಗುವುದು ಅಂದು ಬೆಳಿಗ್ಗೆಯೇ. ಹೆಸರು ತೆಗೆಸುತ್ತೇನೆಂದರೆ ಹುಡುಗಿ ಒಪ್ಪಲಿಲ್ಲ. “ಬೇಡ ಟೀಚರ್. ಅಮ್ಮ ರಜಾ ಕೇಳಿ ಆಗಿದೆ.” ಮುನ್ನೂರು ಮಕ್ಕಳೆದುರು, ಅಮ್ಮನೆದುರು ಬಾಯಿ ಕಟ್ಟಿದರೆ ಇವಳು ಮತ್ತೆ ಪುಸ್ತಕ ಮುಟ್ಟುತ್ತಾಳೆಯೇ?

ಇಂದು ಆ ಶುಕ್ರವಾರ. ಏಳೂ ಮುಕ್ಕಾಲಿಗೆ ಹಾಳೆ ಬರುತ್ತದೆ. ಆರು ಸಾಲು.

“ನೀವು ಒಂದ್ಸಲ ಓದಿ ಟೀಚರ್. ಒಂದೇ ಸಲ, ಸಾಕು.”

ಸಾಕೇ ಸಾಕು. ಒಮ್ಮೆ ಓದಿದರೆ ಹುಡುಗಿ ನೀರು ಕುಡಿದ ಹಾಗೆ ಒಪ್ಪಿಸುತ್ತಾಳೆ, ಶಾಲೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಟೀಚರ್ ಬಾಯಿ ತೆರೆದೂ ತೆರೆಯುತ್ತಾರೆ. ಆಮೇಲೆ ಹಾಳೆಯನ್ನು ಹುಡುಗಿಯ ಕೈಗೇ ಇಡುತ್ತಾರೆ.

“ಇಲ್ಲ ಕಂದಾ. ನಾನು ಓದಿದ್ರೆ ಅದು ನನ್ನ ಓದು. ಹದಿನೈದು ನಿಮಿಷ ಇದೆ, ಬೆರಳಿದೆ, ಕೂತ್ಕೋ.”

“ನೀವು ಕೆಟ್ಟವ್ರು.”

“ಹೂಂ. ಮೊದಲ ಸಾಲಿಂದ ಶುರು ಮಾಡು.”

ಎಂಟು ಗಂಟೆ. ಅಂಗಳದ ಹಿಂದುಗಡೆ ಅರಳಿನ ಅಮ್ಮ, ಗರಿಗರಿ ಇಸ್ತ್ರಿಯ ಉಡುಪಿನಲ್ಲಿ. ಹುಡುಗಿ ಮೈಕಿನ ಮುಂದೆ ನಿಂತು ಹಾಳೆಯ ಮೇಲೆ ಬೆರಳು ಇಡುತ್ತಾಳೆ. “ಸೋಮವಾರ... ನೀರಿನ... ತೊಟ್ಟಿ...” ಯಾರೋ ಕಿಸಕ್ಕೆನ್ನುತ್ತಾರೆ. ಎರಡನೇ ಸಾಲಿನಲ್ಲಿ ‘ಸ್ವಚ್ಛಗೊಳಿಸುವುದರಿಂದ’ ಎಂಬ ಪದ, ಮುಳ್ಳುಬೇಲಿಯಂತೆ. ಬೆರಳು ನಿಲ್ಲುತ್ತದೆ. ಮಗು ತಡವರಿಸಿದರೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ನೆರವಾಗಬಾರದೆಂಬುದು ಟೀಚರ್ ತಮಗೇ ಹಾಕಿಕೊಂಡ ಕಟ್ಟಳೆ. ಒಂದು, ಎರಡು... ಏಳು... ಒಂಬತ್ತು.

“ಸ್ವ... ಚ್ಛ... ಗೊಳಿಸು... ವುದರಿಂದ!”

ಉಳಿದ ನಾಲ್ಕು ಸಾಲು ಕುಂಟುತ್ತಾ ಎಡವುತ್ತಾ ಬರುತ್ತವೆ. ಆದರೆ ಬರುತ್ತವೆ.

ಅಂಗಳ ಖಾಲಿಯಾದ ಮೇಲೆ ಅಮ್ಮ ಪೆಚ್ಚಾಗಿ ಹತ್ತಿರ ಬರುತ್ತಾರೆ. “ಇವತ್ತು ಯಾಕೋ ತಡವರಿಸಿಬಿಟ್ಟಳು ಟೀಚರ್. ಮನೇಲಿ ಪಟಪಟ ಓದ್ತಾಳೆ.”

“ನನಗೆ ಇವತ್ತಿನದೇ ಇಷ್ಟ ಆಯ್ತು ಕಣಮ್ಮಾ,” ಎನ್ನುತ್ತಾರೆ ಟೀಚರ್. “ಇನ್ಮೇಲೆ ಹೀಗೇ ನಿಧಾನಕ್ಕೆ ಓದ್ಲಿ. ಅವಸರ ಮಾಡ್ಬೇಡಿ.”

“ನಿಜವಾಗ್ಲೂ ಚೆನ್ನಾಗಿತ್ತಾ?”

“ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಓದಿದ್ದನ್ನ ನಾನು ಕೇಳಿಲ್ಲ.”

ತರಗತಿಗೆ ಹೊರಟಿದ್ದ ಅರಳು ಮೊಗಸಾಲೆಯ ನಡುವೆ ನಿಂತುಬಿಟ್ಟಿದ್ದಾಳೆ. ಅಲ್ಲಿ ಗೋಡೆಗೆ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ತೂಗುಬಿದ್ದಿದೆ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಈ ಶಾಲೆಯಲ್ಲಿ ಯಾರೂ ಓದಿದ್ದಿಲ್ಲ. ಹುಡುಗಿ ಕಾಲ್ಬೆರಳ ಮೇಲೆ ನಿಂತು ಮೊದಲ ಸಾಲಿನ ಮೇಲೆ ಬೆರಳಿಡುತ್ತಾಳೆ. ಎರಡನೇ ಗಂಟೆ ಹೊಡೆಯುತ್ತದೆ. ಟೀಚರ್ ಅವಳನ್ನು ಕರೆಯುವುದಿಲ್ಲ.